ಇಂಗ್ಲೆಂಡಿನ ಸಣ್ಣ ಸಾಲುಮನೆಗಳ ವಾಸ್ತುರಚನೆ

ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿಯನ್ನು ನಮ್ಮ ಕಾಲೇಜುಗಳಲ್ಲಿ ಬೋಧಿಸುವಾಗ ನಾವು ನೂಲುವ ಯಂತ್ರವನ್ನೂ ಉಗಿಯಂತ್ರವನ್ನೂ ಕಾರ್ಖಾನೆಯ ಶಾಸನಗಳನ್ನೂ ವಿಸ್ತಾರವಾಗಿ ವಿವರಿಸುತ್ತೇವೆ. ಆ ಯಂತ್ರಗಳ ಮುಂದೆ ಹಗಲೆಲ್ಲ ದುಡಿದವರು ಸಂಜೆ ಎಂತಹ ಮನೆಗೆ ಹಿಂದಿರುಗುತ್ತಿದ್ದರು ಎಂಬ ಪ್ರಶ್ನೆಗೆ ಪಠ್ಯಪುಸ್ತಕಗಳು ಸಾಮಾನ್ಯವಾಗಿ 'ಕೊಳಕು ಕೇರಿಗಳು' ಎಂಬ ಎರಡೇ ಮಾತುಗಳಲ್ಲಿ ಉತ್ತರ ಕೊಟ್ಟು ಮುಂದೆ ಸಾಗುತ್ತವೆ. ಆ ಮನೆಗಳಿಗೂ ಒಂದು ವಾಸ್ತುಕ್ರಮವಿದ್ದಿತು. ಆ ಕ್ರಮಕ್ಕೆ ಕಾರಣಗಳಿದ್ದುವು. ಆ ಕಾರಣಗಳನ್ನು ಇಂದಿಗೂ ಗೋಡೆ, ಕಿಟಕಿ, ಹಿತ್ತಿಲುಗಳಲ್ಲಿ ಗುರುತಿಸಬಹುದಾಗಿದೆ. ಪ್ರಕೃತ ಲೇಖನದಲ್ಲಿ ಎರಡು ಪ್ರಶ್ನೆಗಳನ್ನು ವಿವೇಚಿಸುವುದು ನಮ್ಮ ಉದ್ದೇಶ. ಸಣ್ಣ ಸಾಲುಮನೆಯ ರೂಪವನ್ನು ನಿರ್ಧರಿಸಿದವರು ಯಾರು? ಇಂದು ನಿಂತಿರುವ ಮನೆಗಳನ್ನು ನೋಡಿ ಅಳಿದುಹೋದ ಮನೆಗಳ ಜೀವನವನ್ನು ಎಷ್ಟರಮಟ್ಟಿಗೆ ಊಹಿಸಬಹುದು?

ಮೊದಲಿಗೆ ಪದವೊಂದರ ವಿಚಾರ. 'ಟೆರೇಸು' ಎಂದೊಡನೆ ನಮ್ಮ ಕಡೆ ಮನೆಯ ಮೇಲಿನ ತಾರಸಿ ನೆನಪಿಗೆ ಬರುತ್ತದೆ. ಇಂಗ್ಲೆಂಡಿನಲ್ಲಿ 'ಟೆರೇಸ್ ಮನೆ' ಎಂಬುದಕ್ಕೆ ಅದರೊಡನೆ ಸಂಬಂಧವಿಲ್ಲ. ಒಂದೇ ನಕ್ಷೆಯ ಹಲವು ಮನೆಗಳು ಒಂದಕ್ಕೊಂದು ಅಂಟಿಕೊಂಡು, ನೆರೆಹೊರೆಯವರಿಬ್ಬರಿಗೂ ಸೇರಿದ ನಡುಗೋಡೆಯನ್ನು ಹಂಚಿಕೊಂಡು, ಬೀದಿಯ ಉದ್ದಕ್ಕೂ ಒಂದೇ ಸಾಲಾಗಿ ನಿಂತಿದ್ದರೆ ಅದು ಟೆರೇಸು. ಅದನ್ನು ನಾವು ಇಲ್ಲಿ 'ಸಾಲುಮನೆ' ಎಂದು ಕರೆದಿದ್ದೇವೆ. ಬಾತ್ ನಗರದಲ್ಲಿಯೂ ಲಂಡನ್ನಿನಲ್ಲಿಯೂ ಶ್ರೀಮಂತರಿಗಾಗಿ ಕಟ್ಟಿದ ಭವ್ಯವಾದ ಸಾಲುಮನೆಗಳುಂಟು. ಅವುಗಳನ್ನು ಕುರಿತು ಗ್ರಂಥಗಳು ಅನೇಕವಾಗಿವೆ. ನಮ್ಮ ವಿಷಯ ಅವುಗಳ ಬಡ ಬಂಧುಗಳಾದ, ಹನ್ನೆರಡರಿಂದ ಹದಿನೈದು ಅಡಿ ಅಗಲದ ಮುಖವುಳ್ಳ, ಅಂತಸ್ತಿಗೆ ಒಂದೋ ಎರಡೋ ಕೋಣೆಗಳಿರುವ ಮನೆಗಳು.

೧. ಪೂರ್ವರೂಪಗಳು

ಸಾಲುಮನೆಯನ್ನು ಕೈಗಾರಿಕಾ ಯುಗವೇ ಸೃಷ್ಟಿಸಿತೆಂದು ಭಾವಿಸುವುದು ಸರಿಯಲ್ಲ. ಯಾರ್ಕ್ ನಗರದ ಗುಡ್‌ರಮ್‌ಗೇಟ್ ಬೀದಿಯಲ್ಲಿ 'ಲೇಡಿ ರೋ' ಎಂಬ ಮರದ ಚೌಕಟ್ಟಿನ ಮನೆಗಳ ಸಾಲೊಂದಿದೆ. ಇದನ್ನು ೧೩೧೬ರ ಸುಮಾರಿಗೆ ಹೋಲಿ ಟ್ರಿನಿಟಿ ಚರ್ಚಿನ ಅಂಗಳದ ಅಂಚಿನಲ್ಲಿ ಕಟ್ಟಿದರು. ಬಾಡಿಗೆಯ ಹಣ ಚರ್ಚಿನಲ್ಲಿ ನಡೆಯುವ ಪ್ರಾರ್ಥನೆಯ ವೆಚ್ಚಕ್ಕೆ ಸಲ್ಲಬೇಕೆಂಬುದು ಏರ್ಪಾಟು. ಕೆಳಗೊಂದು ಕೋಣೆ, ಅದರ ಮೇಲೆ ಬೀದಿಯ ಕಡೆಗೆ ತುಸು ಚಾಚಿಕೊಂಡ ಇನ್ನೊಂದು ಕೋಣೆ: ಇಷ್ಟೇ ಅಲ್ಲಿಯ ಮನೆ. ವೆಲ್ಸ್ ನಗರದಲ್ಲಿ ಚರ್ಚಿನ ಗಾಯಕವರ್ಗಕ್ಕಾಗಿ ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಆರಂಭವಾದ 'ವಿಕರ್ಸ್ ಕ್ಲೋಸ್' ಇದೇ ಜಾತಿಗೆ ಸೇರಿದ್ದು. ಒಬ್ಬ ಒಡೆಯನು ಹಲವರಿಗಾಗಿ ಒಂದೇ ಅಚ್ಚಿನ ಮನೆಗಳನ್ನು ಒಮ್ಮೆಗೇ ಕಟ್ಟಿಸುವುದೆಂಬ ಸಾಲುಮನೆಯ ಮೂಲಲಕ್ಷಣವು ಹೀಗೆ ಮಧ್ಯಯುಗದಲ್ಲಿಯೇ ಕಾಣಿಸಿಕೊಂಡಿದೆ.

ಈ ಲಕ್ಷಣವನ್ನು ವ್ಯಾಪಾರವಾಗಿ ಪರಿವರ್ತಿಸಿದುದು ೧೬೬೬ರ ಲಂಡನ್ನಿನ ಮಹಾ ಅಗ್ನಿ. ಮರದ ನಗರ ಸುಟ್ಟುಹೋದ ಮೇಲೆ ೧೬೬೭ರ ಶಾಸನವು ಹೊಸ ಮನೆಗಳನ್ನು ಇಟ್ಟಿಗೆಯಿಂದ ಅಥವಾ ಕಲ್ಲಿನಿಂದಲೇ ಕಟ್ಟಬೇಕೆಂದು ವಿಧಿಸಿತು. ಮನೆಗಳನ್ನು ವರ್ಗಗಳಾಗಿ ವಿಂಗಡಿಸಿ ಪ್ರತಿಯೊಂದು ವರ್ಗಕ್ಕೂ ಅಂತಸ್ತುಗಳ ಸಂಖ್ಯೆಯನ್ನೂ ಗೋಡೆಯ ದಪ್ಪವನ್ನೂ ಗೊತ್ತುಮಾಡಿತು. ನಿಯಮ ಒಂದೇ ಆದುದರಿಂದ ಮನೆಯೂ ಒಂದೇ ಬಗೆಯದಾಯಿತು. ಈ ಅವಕಾಶವನ್ನು ಕಂಡುಕೊಂಡವರಲ್ಲಿ ನಿಕೊಲಾಸ್ ಬಾರ್ಬನ್ ಪ್ರಮುಖನು. ೧೬೯೮ರಲ್ಲಿ ತೀರಿಕೊಂಡ ಈತನು ದೊಡ್ಡ ನಿವೇಶನಗಳನ್ನು ಕೊಂಡು, ಬೀದಿಗಳಾಗಿ ಸೀಳಿ, ಕಿರಿದಾದ ಮುಖದ ಮನೆಗಳ ಸಾಲುಗಳನ್ನು ಎಬ್ಬಿಸಿ ಮಾರುವ ಉದ್ಯಮವನ್ನು ಬೆಳೆಸಿದನು.

೨. ಗುತ್ತಿಗೆ, ಕಾಯಿದೆ, ತೆರಿಗೆ

ಸಾಲುಮನೆಯ ಮುಖ ಏಕೆ ಅಷ್ಟು ಕಿರಿದು ಎಂಬುದನ್ನು ತಿಳಿಯಬೇಕಾದರೆ ಇಂಗ್ಲೆಂಡಿನ ಭೂಸ್ವಾಮ್ಯದ ಪದ್ಧತಿಯನ್ನು ಗಮನಿಸಬೇಕು. ಅನೇಕ ಪಟ್ಟಣಗಳಲ್ಲಿ ನೆಲದ ಒಡೆಯನು ಭೂಮಿಯನ್ನು ಮಾರದೆ, ಸಾಮಾನ್ಯವಾಗಿ ೯೯ ವರ್ಷಗಳ ಅವಧಿಗೆ, ಕಟ್ಟಡ ಕಟ್ಟುವವನಿಗೆ ಗುತ್ತಿಗೆ ಕೊಡುತ್ತಿದ್ದನು. ಮೊದಲ ಒಂದೆರಡು ವರ್ಷ ನೆಲಬಾಡಿಗೆ ಹೆಸರಿಗೆ ಮಾತ್ರ. ಅದನ್ನು 'ಮೆಣಸುಕಾಳಿನ ಬಾಡಿಗೆ' ಎಂದೇ ಕರೆಯುತ್ತಿದ್ದರು. ಅಷ್ಟರೊಳಗೆ ಗುತ್ತಿಗೆದಾರನು ಗೋಡೆ ಮಾಡುಗಳನ್ನು ಎಬ್ಬಿಸಿ, ಗುತ್ತಿಗೆಯ ಹಕ್ಕನ್ನು ಇನ್ನೊಬ್ಬನಿಗೆ ಮಾರಿ, ಬಂದ ಹಣದಿಂದ ಮುಂದಿನ ಮನೆಗೆ ಕೈಹಾಕುತ್ತಿದ್ದನು. ಇವನು ಹಲವು ವೇಳೆ ಗಾರೆಯವನೋ ಬಡಗಿಯೋ ಆಗಿದ್ದು, ಒಬ್ಬರ ಮನೆಗೆ ಮತ್ತೊಬ್ಬರು ಕೆಲಸಮಾಡಿ ಕೂಲಿಗೆ ಕೂಲಿಯನ್ನು ವಜಾಹಾಕಿಕೊಳ್ಳುವುದೂ ಉಂಟಾಗಿತ್ತು. ಅವಧಿ ತೀರಿದಾಗ ನೆಲದೊಡನೆ ಮನೆಯೂ ಒಡೆಯನಿಗೆ ಸೇರುತ್ತಿತ್ತು. ಬೀದಿಯನ್ನೂ ಚರಂಡಿಯನ್ನೂ ಮಾಡಿಸುವ ವೆಚ್ಚವು ಬೀದಿಯ ಉದ್ದಕ್ಕೆ ಅನುಸಾರವಾಗಿ ಬೀಳುತ್ತಿದ್ದುದರಿಂದ, ಅದೇ ಉದ್ದದಲ್ಲಿ ಎಷ್ಟು ಹೆಚ್ಚು ಮನೆಗಳನ್ನು ಕೂಡಿಸಿದರೆ ಅಷ್ಟು ಲಾಭ. ಆದುದರಿಂದ ಮನೆ ಅಗಲದಲ್ಲಿ ಕುಗ್ಗಿ, ಒಳಕ್ಕೂ ಮೇಲಕ್ಕೂ ಬೆಳೆಯಿತು.

ಈ ಪದ್ಧತಿಯ ಇನ್ನೊಂದು ಫಲವನ್ನು ಏಂಗೆಲ್ಸನು ೧೮೪೫ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಗುರುತಿಸಿದ್ದಾನೆ. ಅವಧಿ ಮುಗಿದ ಮೇಲೆ ಪರರ ಪಾಲಾಗುವ ಮನೆಗೆ ಗುತ್ತಿಗೆದಾರನು ಏತಕ್ಕೆ ದಪ್ಪ ಗೋಡೆಯನ್ನು ಕಟ್ಟಿಸಬೇಕು? ಕೊನೆಯ ವರ್ಷಗಳಲ್ಲಿ ಏತಕ್ಕೆ ರಿಪೇರಿ ಮಾಡಿಸಬೇಕು? ಮ್ಯಾಂಚೆಸ್ಟರಿನ ಕಾರ್ಮಿಕರ ಮನೆಗಳು ಬೇಗ ಜೀರ್ಣವಾಗುವುದಕ್ಕೆ ಅವನು ಕಂಡ ಕಾರಣಗಳಲ್ಲಿ ಇದು ಮುಖ್ಯವಾದುದು.

ಕಾಯಿದೆಗಳ ಹೆಜ್ಜೆಗುರುತುಗಳು ಮನೆಯ ಮುಖದ ಮೇಲೆಯೇ ಇವೆ. ಬೆಂಕಿ ಹರಡಬಾರದೆಂದು ೧೭೦೭ರ ಶಾಸನವು ಲಂಡನ್ನಿನಲ್ಲಿ ಮರದ ಸೂರಂಚನ್ನು ನಿಷೇಧಿಸಿತು. ಅದರಿಂದ ಮಾಡಿನ ಅಂಚನ್ನು ಮರೆಮಾಡುವ ಇಟ್ಟಿಗೆಯ ಕೈಪಿಡಿಗೋಡೆ ಬಂದಿತು. ೧೭೦೯ರ ಶಾಸನವು ಕಿಟಕಿಯ ಮರದ ಚೌಕಟ್ಟನ್ನು ಗೋಡೆಯ ಮುಖಕ್ಕಿಂತ ನಾಲ್ಕು ಅಂಗುಲ ಒಳಕ್ಕೆ ಸರಿಸಿತು. ೧೭೭೪ರ ಕಟ್ಟಡ ಶಾಸನವು ವಾಸದ ಮನೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿತು. ೯೦೦ ಚದರಡಿಗೂ ೮೫೦ ಪೌಂಡಿಗೂ ಮೀರಿದುದು ಮೊದಲ ದರ್ಜೆ. ೩೫೦ ಚದರಡಿಗೆ ಕಡಿಮೆಯಾಗಿ ೧೫೦ ಪೌಂಡಿನ ಬೆಲೆಯನ್ನು ಮೀರದುದು ನಾಲ್ಕನೆಯ ದರ್ಜೆ. ಈ ನಾಲ್ಕನೆಯ ದರ್ಜೆಯ ಮನೆಯೇ ನಮ್ಮ ವಿಷಯ. ಶಾಸನ ಕನಿಷ್ಠವೆಂದು ಹೇಳಿದುದನ್ನು ಕಟ್ಟುವವರು ಗರಿಷ್ಠವೆಂದು ತಿಳಿದುಕೊಂಡರಾದರೂ, ಶಾಸನ ಅನ್ವಯಿಸುವೆಡೆ ಗೋಡೆಯ ದಪ್ಪಕ್ಕೆ ಒಂದು ಮಿತಿಯಾದರೂ ಇತ್ತೆಂಬುದನ್ನು ಒಪ್ಪಬೇಕು.

ತೆರಿಗೆಗಳ ವಿಚಾರದಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಹಳೆಯ ಮನೆಯಲ್ಲಿ ಇಟ್ಟಿಗೆ ತುಂಬಿದ ಕಿಟಕಿಯನ್ನು ಕಂಡೊಡನೆ ಅದನ್ನು ೧೬೯೬ರಿಂದ ೧೮೫೧ರವರೆಗೆ ಜಾರಿಯಲ್ಲಿದ್ದ ಕಿಟಕಿ ತೆರಿಗೆಯ ಫಲವೆಂದು ಹೇಳುವುದು ವಾಡಿಕೆಯಾಗಿದೆ. ಆದರೆ ೧೮೨೫ರಿಂದ ಎಂಟಕ್ಕಿಂತ ಕಡಿಮೆ ಕಿಟಕಿಗಳಿದ್ದ ಮನೆಗೆ ಈ ತೆರಿಗೆಯೇ ಇರಲಿಲ್ಲ. ನಾಲ್ಕೈದು ಕಿಟಕಿಗಳ ಸಣ್ಣ ಸಾಲುಮನೆಗೆ ಅದು ತಾಗುತ್ತಿರಲಿಲ್ಲ; ಹಲವು ಸಂಸಾರಗಳು ಪಾಲುಮಾಡಿಕೊಂಡ ದೊಡ್ಡ ಮನೆಗಳಿಗೆ ತಾಗುತ್ತಿತ್ತು. ಸಣ್ಣ ಮನೆಯ ಮೇಲೆ ನಿಜವಾಗಿ ಬಿದ್ದ ಹೊರೆಗಳು ೧೭೮೪ರಿಂದ ೧೮೫೦ರವರೆಗಿನ ಇಟ್ಟಿಗೆಯ ತೆರಿಗೆ ಮತ್ತು ೧೮೪೫ರಲ್ಲಿ ರದ್ದಾದ ಗಾಜಿನ ತೆರಿಗೆ. ಗಾಜು ಅಗ್ಗವಾದ ಮೇಲೆ ಸಣ್ಣ ಸಣ್ಣ ಚೌಕಗಳಾಗಿ ಒಡೆದಿದ್ದ ಕಿಟಕಿಯ ಬದಲು ಎರಡೋ ನಾಲ್ಕೋ ದೊಡ್ಡ ಗಾಜುಗಳ ಜಾರುಕಿಟಕಿ ಸಾಮಾನ್ಯನ ಮನೆಗೂ ಬಂದಿತು. ಕಿಟಕಿಯ ಗಾಜಿನ ಅಳತೆ ಹೀಗೆ ಮನೆಯ ಕಾಲವನ್ನು ನಿರ್ಣಯಿಸುವುದಕ್ಕೆ ಒಂದು ಸುಲಭವಾದ ಸಾಧನವಾಗಿದೆ; ಆದರೆ ಹಳೆಯ ಕಿಟಕಿಗಳನ್ನು ಕಿತ್ತು ಹೊಸವನ್ನು ಕೂಡಿಸಿದ ನಿದರ್ಶನಗಳು ಹೇರಳವಾಗಿರುವುದರಿಂದ ಅದೊಂದನ್ನೇ ನಂಬಲಾಗದು.

೩. ದುಡಿಮೆಯ ಮನೆ, ಬೆನ್ನುಮನೆ

ಕೈಗಾರಿಕೆಯ ಆರಂಭಕಾಲದ ಸಾಲುಮನೆ ವಾಸಸ್ಥಾನವೂ ಹೌದು, ಕಾರ್ಯಸ್ಥಾನವೂ ಹೌದು. ರಿಚರ್ಡ್ ಆರ್ಕ್‌ರೈಟನು ಡರ್ಬಿಷೈರಿನ ಕ್ರಾಮ್‌ಫರ್ಡಿನಲ್ಲಿ ೧೭೭೧ರಲ್ಲಿ ನೂಲಿನ ಗಿರಣಿಯನ್ನು ಸ್ಥಾಪಿಸಿದನು. ಅವನು ಅಲ್ಲಿಯೇ ಕಟ್ಟಿಸಿದ ನಾರ್ತ್ ಸ್ಟ್ರೀಟಿನ ಮನೆಗಳು ಕಲ್ಲಿನವು, ಮೂರು ಅಂತಸ್ತಿನವು. ಮೇಲಿನ ಅಂತಸ್ತಿನಲ್ಲಿ ಉದ್ದಕ್ಕೂ ಕಿಟಕಿಗಳಿಟ್ಟು ಹೆಣಿಗೆಯ ಚೌಕಟ್ಟುಗಳಿಗೆ ಬೆಳಕನ್ನು ಒದಗಿಸಿದರು. ಹೆಂಗಸರೂ ಮಕ್ಕಳೂ ಗಿರಣಿಗೆ ಹೋದರೆ ಗಂಡಸು ಮನೆಯಲ್ಲಿಯೇ ದುಡಿಯುತ್ತಿದ್ದನು. ಇದರ ಕೊನೆಯ ರೂಪವನ್ನು ಕವೆಂಟ್ರಿಯಲ್ಲಿ ಕಾಣುತ್ತೇವೆ. ರೇಷ್ಮೆಯ ಪಟ್ಟಿಗಳನ್ನು ನೇಯಿಸುತ್ತಿದ್ದ ಕ್ಯಾಶ್ ಸಹೋದರರು ೧೮೫೭ರಲ್ಲಿ ನೂರು ಮನೆಗಳನ್ನು ಯೋಜಿಸಿ ೪೮ನ್ನು ಮುಗಿಸಿದರು. ಕೆಳಗಿನ ಎರಡು ಅಂತಸ್ತುಗಳಲ್ಲಿ ಸಂಸಾರ, ಮೇಲಿನದರಲ್ಲಿ ಮಗ್ಗ. ಒಂದೇ ಉಗಿಯಂತ್ರದ ಶಕ್ತಿಯನ್ನು ತಿರುಗುವ ಉದ್ದನೆಯ ಲಾಳಗಂಬಿಯ ಮೂಲಕ ಸಾಲಿನುದ್ದಕ್ಕೂ ಮನೆಯಿಂದ ಮನೆಗೆ ಹಾಯಿಸಿದ್ದರು. ಮನೆಯ ಮುಖವನ್ನು ನೋಡಿದರೆ ಮೇಲಿನ ಕಿಟಕಿಗಳೇ ದೊಡ್ಡವು. ಮನುಷ್ಯನಿಗಿಂತ ಮಗ್ಗಕ್ಕೆ ಬೆಳಕು ಹೆಚ್ಚು ಬೇಕಾಗಿತ್ತು.

ಆದರೆ ಬಹುಸಂಖ್ಯಾತರಾದ ಕೂಲಿಕಾರರಿಗೆ ದೊರೆತುದು ಇಂತಹ ಮನೆಗಳಲ್ಲ. ಲೀಡ್ಸ್, ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್, ಲಿವರ್‌ಪೂಲ್ ಮುಂತಾದ ನಗರಗಳಲ್ಲಿ ಎರಡು ಸಾಲುಗಳನ್ನು ಬೆನ್ನಿಗೆ ಬೆನ್ನು ಕೂಡಿಸಿ ಕಟ್ಟುವ ಪದ್ಧತಿ ಹರಡಿತು. ಇವುಗಳನ್ನು 'ಬೆನ್ನುಮನೆ'ಗಳೆನ್ನೋಣ. ಇವುಗಳಿಗೆ ಹಿಂಬಾಗಿಲಿಲ್ಲ, ಹಿಂಗಿಟಕಿಯಿಲ್ಲ, ಹಿತ್ತಿಲಿಲ್ಲ. ಎರಡು ಪಕ್ಕದ ಗೋಡೆಗಳೂ ಹಿಂದಿನ ಗೋಡೆಯೂ ನೆರೆಯವರೊಡನೆ ಹಂಚಿಕೊಂಡವು. ಮುಂದಿನ ಗೋಡೆಯೊಂದೇ ಗಾಳಿಗೆ ತೆರೆದುದು. ಕೆಳಗಿನ ಒಂದು ಕೋಣೆಯಲ್ಲಿ ಅಡುಗೆ, ಊಟ, ಸ್ನಾನ, ಬಟ್ಟೆ ಒಣಗಿಸುವುದು ಎಲ್ಲವೂ ನಡೆಯಬೇಕು. ಕಡಿದಾದ ಏಣಿಯಂತಹ ಮೆಟ್ಟಿಲನ್ನು ಹತ್ತಿದರೆ ಮಲಗುವ ಕೋಣೆ. ಅನೇಕ ಕಡೆ ಅದರ ಮೇಲೆ ಮತ್ತೊಂದು. ಅರ್ಧ ಮನೆಗಳ ಬಾಗಿಲು ಬೀದಿಗೆ; ಇನ್ನರ್ಧದ್ದು ಒಳಗಿನ ಅಂಗಳಕ್ಕೆ. ನಮ್ಮ ಹಳೆಯ ವಠಾರಗಳನ್ನು ಕಂಡವರಿಗೆ ಆ ಅಂಗಳದ ಕಲ್ಪನೆ ಕಷ್ಟವಾಗದು: ಒಂದು ನಲ್ಲಿ ಅಥವಾ ಪಂಪು, ಬಟ್ಟೆ ಒಗೆಯುವ ಒಂದು ಮನೆ, ಒಂದೆರಡು ಕಕ್ಕಸುಗಳು, ಎಲ್ಲರ ಬೂದಿಗುಂಡಿ.

ಕಟ್ಟುವವನ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಮಿತವ್ಯಯದ ವಾಸ್ತು ಇನ್ನೊಂದಿಲ್ಲ. ಬಾಡಿಗೆಯವನ ದೃಷ್ಟಿಯಿಂದಲೂ ಅದಕ್ಕೊಂದು ಗುಣವಿತ್ತೆಂಬುದನ್ನು ಮರೆಯಲಾಗದು: ನೆಲಮಾಳಿಗೆಯಲ್ಲಿಯೋ ಪರರ ಮನೆಯ ಒಂದು ಕೋಣೆಯಲ್ಲಿಯೋ ಇರುವುದಕ್ಕೆ ಬದಲಾಗಿ, ಸ್ವಂತ ಬಾಗಿಲುಳ್ಳ ಮನೆ ಅದೇ ಕೂಲಿಯಲ್ಲಿ ದೊರೆಯುತ್ತಿತ್ತು. ಅಪಾಯವಿದ್ದುದು ನೀರು ಮತ್ತು ಮಲಗಳ ವಿಷಯದಲ್ಲಿ. ಚಾಡ್‌ವಿಕ್ಕನ ೧೮೪೨ರ ವರದಿಯು ಕಾರ್ಮಿಕರ ವಸತಿಗಳ ಅನಾರೋಗ್ಯವನ್ನು ರಾಷ್ಟ್ರದ ಕಣ್ಣಮುಂದಿಟ್ಟಿತು. ೧೮೪೭ರಲ್ಲಿ ಲಿವರ್‌ಪೂಲ್ ನಗರವು ಡಾಕ್ಟರ್ ಡಂಕನ್ನರನ್ನು ಆರೋಗ್ಯಾಧಿಕಾರಿಯಾಗಿ ನಿಯಮಿಸಿತು. ದೇಶದಲ್ಲಿ ಈ ಹುದ್ದೆಗೆ ಅವರೇ ಮೊದಲಿಗರು.

೪. ಬೈಲಾ ಮನೆ

೧೮೭೫ರ ಸಾರ್ವಜನಿಕ ಆರೋಗ್ಯ ಶಾಸನವೂ ಅದನ್ನನುಸರಿಸಿ ೧೮೭೭ರಲ್ಲಿ ಹೊರಬಂದ ಮಾದರಿ ಉಪನಿಯಮಗಳೂ ಸಾಲುಮನೆಯ ಚರಿತ್ರೆಯನ್ನು ಎರಡಾಗಿ ಒಡೆಯುತ್ತವೆ. ಉಪನಿಯಮಗಳಿಗೆ ಇಂಗ್ಲಿಷಿನಲ್ಲಿ 'ಬೈಲಾ' ಎಂದು ಹೆಸರಿರುವುದರಿಂದ ಇವುಗಳ ಪ್ರಕಾರ ಕಟ್ಟಿದ ಮನೆಗಳಿಗೆ 'ಬೈಲಾ ಮನೆ' ಎಂಬ ಹೆಸರು ಬಂದಿತು. ಗಾಡಿ ಓಡಾಡುವ ಹೊಸ ಬೀದಿ ೩೬ ಅಡಿ ಅಗಲವಾಗಿರಬೇಕು. ಪ್ರತಿ ಮನೆಯ ಹಿಂದೆ ಕನಿಷ್ಠ ೧೫೦ ಚದರಡಿಯ ಬಯಲು ಇರಬೇಕು. ವಾಸದ ಕೋಣೆಯ ಕಿಟಕಿ ಅದರ ನೆಲದ ಹತ್ತನೆಯ ಒಂದು ಭಾಗಕ್ಕೆ ಕಡಿಮೆಯಾಗಬಾರದು. ನೆಲದ ತೇವ ಗೋಡೆಗೆ ಏರದಂತೆ ತಡೆಪದರವಿರಬೇಕು. ಈ ಮಾದರಿಯನ್ನು ಪಟ್ಟಣಸಭೆಗಳು ತಮ್ಮ ತಮ್ಮ ಇಚ್ಛೆಯಂತೆ ಅಂಗೀಕರಿಸಿದುವು.

ಇಂತಹ ಮನೆಯೊಂದರೊಳಕ್ಕೆ ಪ್ರವೇಶಿಸೋಣ. ಕಾಲುದಾರಿಯಿಂದ ಒಂದು ಮೆಟ್ಟಿಲು. ಬಾಗಿಲು ತೆರೆದರೆ ಕಿರಿದಾದ ನಡವೆ, ಇನ್ನೂ ಅಗ್ಗದ ಮನೆಯಾದರೆ ನೇರವಾಗಿ ಮುಂಗೋಣೆ. ಅತಿಥಿಗಳಿಗೂ ಭಾನುವಾರಕ್ಕೂ ಸತ್ತವರನ್ನು ಮಲಗಿಸುವುದಕ್ಕೂ ಮೀಸಲಾದ ಈ ಕೋಣೆಯಲ್ಲಿ ವಾರದ ದಿನಗಳಲ್ಲಿ ಯಾರೂ ಕೂಡುತ್ತಿರಲಿಲ್ಲ. ಅದರ ಹಿಂದಿನದು ಸಂಸಾರದ ನಿಜವಾದ ಕೋಣೆ. ಕಬ್ಬಿಣದ ಒಲೆ ಅಲ್ಲಿಯೇ. ಮೇಲೆ ಎರಡು ಮಲಗುವ ಕೋಣೆಗಳು. ಹೀಗೆ ಕೆಳಗೆರಡು ಮೇಲೆರಡು ಎಂಬುದೇ ಈ ಮನೆಯ ಜನಪ್ರಿಯ ಲಕ್ಷಣ. ಹಿಂದಕ್ಕೆ ಚಾಚಿದ ತಗ್ಗಾದ ಭಾಗದಲ್ಲಿ ಪಾತ್ರೆ ಬಟ್ಟೆಗಳನ್ನು ತೊಳೆಯುವ ಕೊಠಡಿ, ಅದರ ಮೂಲೆಯಲ್ಲಿ ಬಟ್ಟೆ ಕುದಿಸುವ ಹಂಡೆಯೊಲೆ. ಅಂಗಳದ ಕೊನೆಯಲ್ಲಿ ಕಲ್ಲಿದ್ದಲಿನ ಗೂಡೂ ಕಕ್ಕಸೂ. ಅವುಗಳ ಹಿಂದೆ, ಎರಡು ಸಾಲುಗಳ ಹಿತ್ತಿಲಗೋಡೆಗಳ ನಡುವೆ, ಮಲವನ್ನು ಸಾಗಿಸುವುದಕ್ಕೂ ಕಲ್ಲಿದ್ದಲನ್ನು ತರುವುದಕ್ಕೂ ಬಿಟ್ಟ ಓಣಿ. ೧೮೯೮ರ ಪ್ಲೇಗಿನ ಅನಂತರ ಬೆಳೆದ ಬೆಂಗಳೂರಿನ ಮಲ್ಲೇಶ್ವರ ಬಸವನಗುಡಿಗಳಲ್ಲಿ ಮನೆಗಳ ಹಿಂದೆ ಕಾಣುವ ಕನ್ಸರ್ವೆನ್ಸಿ ಓಣಿಗಳು ಇದೇ ಆರೋಗ್ಯವಿಚಾರದ ಸಂತತಿ ಎಂಬುದನ್ನು ಇಲ್ಲಿ ನೆನೆಯಬಹುದು.

ಈ ಕಾಲದಲ್ಲಿ ಸಾಮಗ್ರಿಗಳೂ ಬದಲಾದುವು. ರೈಲು ವೇಲ್ಸಿನ ಸ್ಲೇಟುಕಲ್ಲನ್ನು ದೇಶದ ಮೂಲೆಮೂಲೆಗೂ ತಲುಪಿಸಿತು. ಯಂತ್ರದಲ್ಲಿ ಒತ್ತಿ, ನಿರಂತರವಾಗಿ ಉರಿಯುವ ಗೂಡುಗಳಲ್ಲಿ ಸುಟ್ಟ ಇಟ್ಟಿಗೆ ಸ್ಥಳೀಯ ಇಟ್ಟಿಗೆಯ ಬಣ್ಣಗಳನ್ನು ಹಿಂದಕ್ಕೆ ತಳ್ಳಿತು. ಬೀದಿಗಳ ಏಕತಾನತೆಯನ್ನು ಅನೇಕರು ಹಳಿದಿದ್ದಾರೆ. ಆದರೆ ಆ ಏಕತಾನತೆಯು ಪ್ರತಿ ಮನೆಗೂ ಮುಂದೆಯೂ ಹಿಂದೆಯೂ ಗಾಳಿ ಬೆಳಕುಗಳು ದೊರೆತುದರ ಗುರುತೂ ಹೌದು.

೫. ಪ್ರಾಂತಭೇದಗಳು

ನಿಯಮ ಒಂದೇ ಆದರೂ ಪ್ರಾಂತಗಳ ರೂಢಿ ಸುಲಭವಾಗಿ ಬಿಟ್ಟುಕೊಡಲಿಲ್ಲ. ನ್ಯೂಕಾಸಲ್ ಮತ್ತು ಗೇಟ್ಸ್‌ಹೆಡ್ಡಿನಲ್ಲಿ ಬೀದಿಯ ಕಡೆಗೆ ಬಾಗಿಲುಗಳು ಜೋಡಿಜೋಡಿಯಾಗಿ ಕಾಣುತ್ತವೆ: ಒಂದು ಕೆಳಗಿನ ವಾಸಕ್ಕೆ, ಇನ್ನೊಂದು ಮಹಡಿಯ ವಾಸಕ್ಕೆ. ಹತ್ತಿರದ ಸಂಡರ್ಲೆಂಡಿನಲ್ಲಿ ಒಂದೇ ಅಂತಸ್ತಿನ ಸಾಲುಮನೆಗಳು ವಿಪುಲವಾಗಿವೆ. ಹಲ್ ನಗರದಲ್ಲಿ ದೊಡ್ಡ ಬೀದಿಗೆ ಲಂಬವಾಗಿ, ಗಾಡಿ ಹೋಗದ ಸಣ್ಣ ಸಣ್ಣ ಸಾಲುಗಳು ಎದುರುಬದುರಾಗಿ ನಿಂತಿವೆ. ಎಲ್ಲಕ್ಕಿಂತ ಹಟಮಾರಿ ಲೀಡ್ಸ್. ಮ್ಯಾಂಚೆಸ್ಟರ್ ಹೊಸ ಬೆನ್ನುಮನೆಗಳಿಗೆ ೧೮೪೪ರಲ್ಲಿಯೇ ತಡೆಯೊಡ್ಡಿತು. ಲೀಡ್ಸ್ ೧೮೬೬ರಲ್ಲಿ ಅವುಗಳನ್ನು ಎಂಟು ಮನೆಗಳ ಗುಂಪಿಗೆ ಸೀಮಿತಗೊಳಿಸಿ, ನಡುವೆ ಕಕ್ಕಸಿನ ಅಂಗಳವನ್ನು ಬಿಡಿಸಿತೇ ಹೊರತು ಕೈಬಿಡಲಿಲ್ಲ. ೧೯೦೯ರ ಶಾಸನ ದೇಶಾದ್ಯಂತ ನಿಷೇಧಿಸಿದ ಮೇಲೆಯೂ, ಮೊದಲೇ ಮಂಜೂರಾದ ನಕ್ಷೆಗಳ ಆಧಾರದ ಮೇಲೆ ಅಲ್ಲಿ ೧೯೩೭ರವರೆಗೂ ಬೆನ್ನುಮನೆಗಳನ್ನು ಕಟ್ಟಿದರು. ಅಲ್ಲಿ ಸಾವಿರಾರು ಸಂಸಾರಗಳು ಇಂದಿಗೂ ಅವುಗಳಲ್ಲಿ ವಾಸಿಸುತ್ತಿವೆ.

೬. ಅಳಿದುವು, ಉಳಿದುವು

೧೯೧೮ರ ಟ್ಯೂಡರ್ ವಾಲ್ಟರ್ಸ್ ವರದಿಯು ಪಟ್ಟಣಗಳಲ್ಲಿ ಎಕರೆಗೆ ೧೨ ಮನೆಗಳೆಂಬ ಅಳತೆಯನ್ನು ಶಿಫಾರಸು ಮಾಡಿದಾಗ ದಟ್ಟವಾದ ಸಾಲುಮನೆಯ ಯುಗ ಮುಗಿಯಿತು. ೧೯೩೦ರ ವಸತಿ ಶಾಸನದಿಂದ ಕೊಳಕು ಕೇರಿಗಳ ನಿರ್ಮೂಲನಕ್ಕೆ ಬಲ ಬಂದಿತು. ೧೯೫೫ರಿಂದ ೧೯೭೫ರವರೆಗಿನ ಎರಡು ದಶಕಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳನ್ನು ಕೆಡವಿದರು. ಅವುಗಳಲ್ಲಿ ಅನೇಕವು ಕೆಡವಲು ಅರ್ಹವಾಗಿಯೇ ಇದ್ದುವು. ಆದರೆ 'ವಾಸಕ್ಕೆ ಅಯೋಗ್ಯ' ಎಂಬ ಒಂದೇ ಮುದ್ರೆಯು, ಕಟ್ಟುವಾಗಲೇ ಕೆಟ್ಟುದಾಗಿದ್ದ ಮನೆಗೂ, ಚೆನ್ನಾಗಿ ಕಟ್ಟಿ ರಿಪೇರಿಯಿಲ್ಲದೆ ಕೆಟ್ಟ ಮನೆಗೂ ಸಮಾನವಾಗಿ ಬಿದ್ದಿತು. ಗೋಡೆಯೊಡನೆ ಬೇರೆ ಏನು ಅಳಿಯಿತೆಂಬುದನ್ನು ಯಂಗ್ ಮತ್ತು ವಿಲ್ಮಟ್ ಎಂಬ ಸಮಾಜಶಾಸ್ತ್ರಜ್ಞರು ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನನ್ನು ಕುರಿತ ೧೯೫೭ರ ಗ್ರಂಥದಲ್ಲಿ ತೋರಿಸಿದರು. ಮದುವೆಯಾದ ಮಗಳು ತಾಯಿಯ ಮನೆಗೆ ಕೆಲವು ಹೆಜ್ಜೆಗಳ ದೂರದಲ್ಲಿಯೇ ಇರುತ್ತಿದ್ದ ಆ ನೆರೆಯು, ಜನರನ್ನು ಊರಾಚೆಯ ಹೊಸ ಬಡಾವಣೆಗೆ ಸಾಗಿಸಿದಾಗ ಚದುರಿಹೋಯಿತು.

೧೯೬೯ರ ಶಾಸನದ ಅನಂತರ ಹಳೆಯ ಮನೆಗಳನ್ನು ಇದ್ದಲ್ಲಿಯೇ ಸುಧಾರಿಸುವ ನೀತಿ ಬಲಗೊಂಡಿತು. ಮ್ಯಾಕಲ್ಸ್‌ಫೀಲ್ಡಿನ ಬ್ಲಾಕ್ ರೋಡಿನ ನಿವಾಸಿಗಳು ೧೯೭೦ರ ದಶಕದಲ್ಲಿ ವಾಸ್ತುಶಿಲ್ಪಿ ರಾಡ್ ಹ್ಯಾಕ್ನಿಯವರೊಡನೆ ಸೇರಿ ತಮ್ಮ ಸಾಲುಮನೆಗಳನ್ನು ನೆಲಸಮದಿಂದ ಉಳಿಸಿಕೊಂಡು ಸುಧಾರಿಸಿಕೊಂಡರು. ಆದರೂ ವಾದ ಮುಗಿಯಲಿಲ್ಲ. ೨೦೦೨ರಿಂದ ೨೦೧೧ರವರೆಗೆ ನಡೆದ ಸರ್ಕಾರದ ಯೋಜನೆಯೊಂದರಲ್ಲಿ ಉತ್ತರದ ಮತ್ತು ನಡುನಾಡಿನ ನಗರಗಳಲ್ಲಿ ಸಾವಿರಾರು ಮನೆಗಳು ಮತ್ತೆ ನೆಲಕ್ಕುರುಳಿದುವು. ಲಿವರ್‌ಪೂಲಿನ 'ವೆಲ್ಷ್ ಸ್ಟ್ರೀಟ್ಸ್' ಎಂಬ ಬೀದಿಗಳನ್ನು ಕೆಡವುವ ಪ್ರಸ್ತಾಪವನ್ನು ಸಾರ್ವಜನಿಕ ವಿಚಾರಣೆಯ ಬಳಿಕ ೨೦೧೫ರಲ್ಲಿ ಮಂತ್ರಿಗಳು ತಿರಸ್ಕರಿಸಿದರು. ಆ ಮನೆಗಳನ್ನು ಆಮೇಲೆ ದುರಸ್ತಿಗೊಳಿಸಿ ಜನರನ್ನು ನೆಲೆಗೊಳಿಸಲಾಯಿತು. ಇಂಗ್ಲೆಂಡಿನ ವಾಸದ ಮನೆಗಳಲ್ಲಿ ಇಂದಿಗೂ ಕಾಲುಭಾಗಕ್ಕೆ ಮಿಕ್ಕಿ ಸಾಲುಮನೆಗಳೇ ಆಗಿವೆ.

ಇಲ್ಲಿಯೇ ಚರಿತ್ರಕಾರನು ಜಾಗರೂಕನಾಗಬೇಕು. ಇಂದು ಪ್ರವಾಸಿಗೆ ಕಾಣುವ ಸಾಲುಬೀದಿಗಳಲ್ಲಿ ಬಹುಪಾಲು ೧೮೭೫ರ ಅನಂತರದವು. ಅವುಗಳನ್ನು ನೋಡಿ 'ಕಾರ್ಮಿಕನ ಮನೆ ಅಷ್ಟೇನೂ ಕೆಟ್ಟುದಾಗಿರಲಿಲ್ಲ' ಎಂದು ತೀರ್ಮಾನಿಸುವುದು, ಬದುಕಿ ಉಳಿದವರನ್ನು ಮಾತ್ರ ಎಣಿಸಿ ಆಯುಷ್ಯವನ್ನು ಲೆಕ್ಕಹಾಕಿದಂತೆ. ಏಂಗೆಲ್ಸನು ಕಂಡ ಮನೆಗಳು ಇಲ್ಲವಾಗಿವೆ. ಬರ್ಮಿಂಗ್‌ಹ್ಯಾಮಿನಲ್ಲಿ ಸಾವಿರಾರು ಸಂಖ್ಯೆಯಲ್ಲಿದ್ದ ಅಂಗಳದ ಬೆನ್ನುಮನೆಗಳಲ್ಲಿ ಹರ್ಸ್ಟ್ ಸ್ಟ್ರೀಟು ಮತ್ತು ಇಂಜ್ ಸ್ಟ್ರೀಟು ಕೂಡುವೆಡೆಯ ಒಂದು ಅಂಗಳ ಮಾತ್ರ ಉಳಿದಿದ್ದು, ನ್ಯಾಷನಲ್ ಟ್ರಸ್ಟು ಅದನ್ನು ೨೦೦೪ರಿಂದ ಸಾರ್ವಜನಿಕರಿಗೆ ತೋರಿಸುತ್ತಿದೆ. ಒಂದು ಕಾಲಕ್ಕೆ ಸರ್ವಸಾಮಾನ್ಯವಾಗಿದ್ದುದು ಹೀಗೆ ಅಪೂರ್ವ ವಸ್ತುವಾಗಿದೆ. ಕಲ್ಲಿನಲ್ಲಿಯೂ ಗಟ್ಟಿ ಇಟ್ಟಿಗೆಯಲ್ಲಿಯೂ ಕಟ್ಟಿದುದು ನಿಲ್ಲುತ್ತದೆ. ಅರ್ಧ ಇಟ್ಟಿಗೆಯ ಗೋಡೆ ಬೀಳುತ್ತದೆ. ಬಡವರಲ್ಲಿ ಕಡುಬಡವರ ಸಾಕ್ಷ್ಯವೇ ಮೊದಲು ಮಾಯವಾಗುತ್ತದೆ.

ಆರಂಭದಲ್ಲಿ ಎತ್ತಿದ ಪ್ರಶ್ನೆಗಳಿಗೆ ಈಗ ಸಂಕ್ಷೇಪವಾಗಿ ಉತ್ತರ ಹೇಳಬಹುದು. ಸಣ್ಣ ಸಾಲುಮನೆಯ ಅಗಲವನ್ನು ನೆಲದ ಒಡೆಯನ ಗುತ್ತಿಗೆಯೂ, ದಪ್ಪವನ್ನು ಬೆಂಕಿಯ ಭಯವೂ, ಕಿಟಕಿಯನ್ನು ತೆರಿಗೆಯೂ ಮಗ್ಗವೂ, ಹಿತ್ತಿಲನ್ನು ರೋಗದ ಭಯವೂ ನಿರ್ಧರಿಸಿದುವು. ಅದರಲ್ಲಿ ವಾಸಿಸುವವನನ್ನು ಯಾರೂ ಕೇಳಲಿಲ್ಲ. ಅವನ ಸಂಸಾರಕ್ಕೆ ಉಳಿದುದು ಇಕ್ಕಟ್ಟಿನಲ್ಲಿಯೂ ಒಂದು ಕೋಣೆಯನ್ನು ಅತಿಥಿಗಾಗಿ ಮೀಸಲಿಡುವ, ಬಾಗಿಲ ಮೆಟ್ಟಿಲನ್ನು ಉಜ್ಜಿ ಹೊಳೆಯಿಸುವ ಸ್ವಾತಂತ್ರ್ಯ. ಮನೆಯ ನಕ್ಷೆಯಿಂದ ಮೊದಲನೆಯವರ ವಿಚಾರ ತಿಳಿಯುತ್ತದೆ. ಎರಡನೆಯವರನ್ನು ತಿಳಿಯಲು ಜನಗಣತಿಯ ಹಾಳೆ, ಆರೋಗ್ಯಾಧಿಕಾರಿಯ ವರದಿ, ಬಾಡಿಗೆಯ ಲೆಕ್ಕ, ವೃದ್ಧರ ನೆನಪು ಇವುಗಳನ್ನು ಆಶ್ರಯಿಸಬೇಕು. ನಿಂತ ಗೋಡೆಯನ್ನೂ ಬಿದ್ದ ಗೋಡೆಯ ದಾಖಲೆಯನ್ನೂ ಒಟ್ಟಿಗೆ ಓದುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವುದಕ್ಕೆ ಈ ಸಣ್ಣ ಮನೆಗಿಂತ ಒಳ್ಳೆಯ ಪಾಠ ದೊರೆಯುವುದು ವಿರಳವೆಂದು ನಮ್ಮ ಅಭಿಪ್ರಾಯ.